ಸಂಜೆ ಏಳೂವರೆಗೆ ಅಲ್ಲಿ ಯಾರಿರುತ್ತಾರೆ? ಪಾಳಣಾಘರ್, ಆಯಾ, ವೃದ್ಧಾಶ್ರಮ ಹುಡುಕುವವರಿಗೆ

ಆ ದಿನ ಮುಂಬೈಯ ಸೆಂಟ್ರಲ್ ಲೈನಿನಲ್ಲಿ ಓವರ್‌ಹೆಡ್ ವೈರ್ ತುಂಡಾಗಿತ್ತು. ಡೊಂಬಿವಲಿಯಲ್ಲಿ ಇಳಿದು ಪಾಳಣಾಘರ್, ಅಂದರೆ ಮಕ್ಕಳ ಡೇ ಕೇರ್, ಮುಟ್ಟುವಾಗ ಏಳೂ ನಲವತ್ತು. ಬಾಗಿಲು ತೆಗೆದ ಮೌಶಿಯ (ಅಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಹೆಂಗಸಿನ) ಸೊಂಟದ ಮೇಲೆ ಒಂದು ಕೂಸು, ಸೆರಗು ಹಿಡಿದುಕೊಂಡು ಇನ್ನೊಂದು. ಒಳಗೆ ಮತ್ತೆ ಒಂಬತ್ತು. ನನ್ನ ಮಗಳು ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಯಾರದೋ ಚಪ್ಪಲಿ ಕಚ್ಚುತ್ತಿದ್ದಳು. ಅವಳ ಹಿಂದೆ ಗ್ಯಾಸ್ ಮೇಲೆ ಹಾಲು ಉಕ್ಕುವುದರಲ್ಲಿತ್ತು.

"ಬೇರೆ ಯಾರೂ ಇಲ್ವಾ ಮೌಶಿ?" ಅಂದೆ.

"ಆರಕ್ಕೆ ಎಲ್ಲರೂ ಹೋಗ್ತಾರೆ. ಆಮೇಲೆ ನಾನೊಬ್ಬಳೇ" ಅಂದರು. ಅವರು ಡ್ಯೂಟಿಗೆ ಬಂದದ್ದು ಬೆಳಿಗ್ಗೆ ಏಳೂವರೆಗೆ.

ಸೇರಿಸುವ ಮೊದಲು ನಾನು, ನನ್ನ ಗಂಡ ಇಬ್ಬರೂ ಹೋಗಿ ನೋಡಿದ್ದೆವು. ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ. ಆಗ ನಾಲ್ಕು ಜನ ಹೆಂಗಸರಿದ್ದರು, ಗೋಡೆ ತುಂಬ ಬಣ್ಣದ ಆನೆ, ಜಿರಾಫೆ. ಎಸಿ ಇದೆಯಾ, ಸಿಸಿಟಿವಿ ಇದೆಯಾ, ಹಾಲು ಯಾವುದು ಅಂತೆಲ್ಲ ಕೇಳಿದೆವು. ಸಂಜೆ ಆರರ ನಂತರ ಎಷ್ಟು ಜನ ಇರುತ್ತಾರೆ ಅಂತ ಕೇಳಲೇ ಇಲ್ಲ. ಅವರು ಸುಳ್ಳು ಹೇಳಿರಲಿಲ್ಲ, ನಾವು ಕೇಳಿರಲಿಲ್ಲ, ಅಷ್ಟೇ.

ಅದಾಗಿ ಕೆಲವು ವರ್ಷಕ್ಕೆ ನನ್ನ ಮಾವನವರಿಗೆ ಪಾರ್ಶ್ವವಾಯು ಆಗಿ ಹಾಸಿಗೆ ಹಿಡಿದರು. ಮನೆಗೆ ಆರೈಕೆಯವರನ್ನು ಕಳಿಸುವ ಬ್ಯೂರೋದಿಂದ ಆಯಾ ಕರೆಸಿದೆವು, ನಡುವೆ ಎರಡು ವೃದ್ಧಾಶ್ರಮಗಳನ್ನೂ ನೋಡಿ ಬಂದೆವು. ಕೂಸಾಗಲಿ ಹಿರಿಯರಾಗಲಿ, ಕೇಳಬೇಕಾದ ಪ್ರಶ್ನೆ ಒಂದೇ ಅಂತ ಆಗ ಗೊತ್ತಾಯಿತು. ಜನ ಕಡಿಮೆ ಇರುವ ಹೊತ್ತಿನಲ್ಲಿ, ಎಷ್ಟು ಜನರಿಗೆ ಎಷ್ಟು ಕೈ? ಅದನ್ನು ಹೇಗೆ ಕೇಳಬೇಕು, ಹೇಗೆ ನೋಡಬೇಕು ಅನ್ನುವುದನ್ನು ನಾನು ಕಲಿತ ಹಾಗೆ ಬರೆದಿದ್ದೇನೆ.

1. ಮೊದಲು ನಿಮ್ಮ ದಿನದ ಲೆಕ್ಕ ಬರೆಯಿರಿ

ಆಫೀಸು ಹತ್ತರಿಂದ ಆರು ಅಂತ ಬರೆದರೆ ಆಗಲಿಲ್ಲ. ಡೊಂಬಿವಲಿಯಿಂದ ಫೋರ್ಟಿಗೆ ಹೋಗುವವರಿಗೆ ಟ್ರೈನು, ಸ್ಟೇಷನ್ನಿನ ರಿಕ್ಷಾ ಲೈನು ಎಲ್ಲ ಸೇರಿ ಎರಡೂ ಕಡೆ ಒಂದೂವರೆ ಗಂಟೆ ಹಿಡಿಯಲೇಬೇಕು. ಅಂದರೆ ಕೂಸು ಬೆಳಿಗ್ಗೆ ಎಂಟೂವರೆಯಿಂದ ರಾತ್ರಿ ಏಳೂವರೆವರೆಗೆ ಅಲ್ಲಿ. ಹನ್ನೊಂದು ಗಂಟೆ. ಇಷ್ಟು ಹೊತ್ತು ಒಬ್ಬರೇ ಮೌಶಿ ಚೆನ್ನಾಗಿ ನೋಡಿಕೊಳ್ಳುತ್ತಾರೆ ಅನ್ನುವುದು ಆಗದ ಮಾತು. ನಾವೇ ನಮ್ಮ ಸ್ವಂತ ಕೂಸನ್ನು ಭಾನುವಾರ ಇಡೀ ದಿನ ನೋಡಿಕೊಂಡರೆ ಸಂಜೆಗೆ ಹೇಗಾಗಿರುತ್ತೇವೆ, ಗೊತ್ತಲ್ವಾ? ಆದ್ದರಿಂದ ಎರಡು ಪಾಳಿ ಇರುವ ಕಡೆ ಹುಡುಕಿ. ಒಂದೇ ಪಾಳಿ ಆದರೆ, ಮಧ್ಯಾಹ್ನ ಅವರಿಗೆ ವಿಶ್ರಾಂತಿ ಯಾವಾಗ, ಆ ಹೊತ್ತಿಗೆ ಮಕ್ಕಳ ಹತ್ತಿರ ಯಾರು ಅಂತ ಕೇಳಿ.

ನಿಮ್ಮ ಆಫೀಸಿನಲ್ಲೂ ಒಮ್ಮೆ ವಿಚಾರಿಸಿ. ಐವತ್ತು ಅಥವಾ ಅದಕ್ಕಿಂತ ಜಾಸ್ತಿ ಜನ ಕೆಲಸ ಮಾಡುವ ಸಂಸ್ಥೆ ಮಕ್ಕಳನ್ನು ನೋಡಿಕೊಳ್ಳುವ ವ್ಯವಸ್ಥೆ ಕೊಡಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಕೂಸನ್ನು ನೋಡಿ ಬರಲು ಬಿಡಬೇಕು ಅಂತ 2017ರಿಂದ ಕಾನೂನಿದೆ. ಪುಣೆಯ ಹಿಂಜೆವಾಡಿ ಕಡೆಯ ನನ್ನ ನಾದಿನಿಗೆ ಮಗು ಹುಟ್ಟಿ ಐದು ತಿಂಗಳಾದರೂ ಇದು ಗೊತ್ತಿರಲಿಲ್ಲ. ಎಚ್‌ಆರ್‌ನವರು ತಾವಾಗಿ ಹೇಳಿರಲಿಲ್ಲ. ಇವಳು ಮೇಲ್ ಹಾಕಿದ ಮೇಲೆ ಹತ್ತಿರದ ಡೇ ಕೇರ್ ಒಂದರ ಜೊತೆ ಒಪ್ಪಂದ ಇದೆ ಅಂದರು.

2. ಕೈ ಎಣಿಸಿ

2013ರ ರಾಷ್ಟ್ರೀಯ ಶೈಶವ ಆರೈಕೆ ಮತ್ತು ಶಿಕ್ಷಣ ನೀತಿಯಲ್ಲಿ ಒಂದು ಲೆಕ್ಕ ಇದೆ. ಮೂರು ವರ್ಷದೊಳಗಿನ ಹತ್ತು ಮಕ್ಕಳಿಗೆ ಒಬ್ಬರು, ಮೂರರಿಂದ ಆರು ವರ್ಷದ ಇಪ್ಪತ್ತು ಮಕ್ಕಳಿಗೆ ಒಬ್ಬರು. ಮೂವತ್ತು ಮಕ್ಕಳಿಗೆ ಕನಿಷ್ಠ 35 ಚದರ ಮೀಟರ್ ಕೋಣೆ, ಹೊರಗೆ ಆಡಲು 30 ಚದರ ಮೀಟರ್ ಜಾಗ ಅಂತಲೂ ಅದೇ ಹೇಳುತ್ತದೆ. ಮುಂಬೈಯಲ್ಲಿ ಹೊರಗಿನ ಜಾಗದ ಆಸೆ ಬಿಡಿ. ಆದರೆ ಒಬ್ಬರಿಗೆ ಹತ್ತು ಕೂಸು ಅನ್ನುವುದು ನನಗೆ ತುಂಬ ಸಡಿಲ ಅನಿಸುತ್ತದೆ. ಇಂಗ್ಲೆಂಡಿನ ನಿಯಮ ನೋಡಿ. ಎರಡು ವರ್ಷದೊಳಗಿನ ಮೂರು ಮಕ್ಕಳಿಗೆ ಒಬ್ಬರು. ಎರಡು ವರ್ಷದವರಾದರೆ ಐದು ಮಕ್ಕಳಿಗೆ ಒಬ್ಬರು, 2023ರ ಸೆಪ್ಟೆಂಬರ್‌ವರೆಗೆ ಅದೂ ನಾಲ್ಕೇ ಇತ್ತು. ಮೂರು ದಾಟಿದ ಮೇಲೆ ಸಾಮಾನ್ಯವಾಗಿ ಎಂಟು.

ನನ್ನ ಲೆಕ್ಕ ಇನ್ನೂ ಸುಲಭ. ಪಕ್ಕದ ಕೋಣೆಯಲ್ಲಿ ಹೊಗೆ ಬಂತು ಅಂದುಕೊಳ್ಳಿ. ಒಬ್ಬ ಹೆಂಗಸು ಒಂದೇ ಸಲಕ್ಕೆ ನಡೆಯಲು ಬಾರದ ಎಷ್ಟು ಕೂಸುಗಳನ್ನು ಎತ್ತಿಕೊಂಡು ಮೆಟ್ಟಿಲು ಇಳಿಯಬಹುದು? ಎರಡು. ಜೀವ ಬಿಟ್ಟು ಓಡಿದರೆ ಮೂರು. ಎರಡು ವರ್ಷದೊಳಗಿನ ಮಕ್ಕಳು ಒಬ್ಬರ ಪಾಲಿಗೆ ನಾಲ್ಕೈದಕ್ಕಿಂತ ಜಾಸ್ತಿ ಇದ್ದರೆ ಅಲ್ಲಿ ನನ್ನ ಕೂಸನ್ನು ಬಿಡುವುದಿಲ್ಲ.

ಎಣಿಸುವಾಗ ಮೋಸ ಹೋಗಬೇಡಿ. ಅಡುಗೆಯವರನ್ನು ಬಿಟ್ಟುಬಿಡಿ. ಫೋನು, ಫೀಸು ನೋಡುವ ಮಾಲಕಿಯನ್ನೂ ಬಿಡಿ. ಬಾಗಿಲ ವಾಚ್‌ಮನ್ ಲೆಕ್ಕಕ್ಕಿಲ್ಲ. ಮಕ್ಕಳ ಜೊತೆ ಚಾಪೆ ಮೇಲೆ ಕೂತವರು ಎಷ್ಟು, ಅದೇ ಸಂಖ್ಯೆ. "ನಮ್ಮಲ್ಲಿ ಆರು ಜನ ಸ್ಟಾಫ್" ಅಂದರೆ, "ಈಗ ಈ ಕೋಣೆಯಲ್ಲಿ ಎಷ್ಟು ಜನ?" ಅಂತ ತಿರುಗಿ ಕೇಳಿ.

3. ಅವರು ಕರೆದ ಹೊತ್ತಿಗೆ ಹೋಗಬೇಡಿ

ಬೆಳಿಗ್ಗೆ ಹತ್ತು ಹನ್ನೊಂದಕ್ಕೆ ಎಲ್ಲ ಪಾಳಣಾಘರ್‌ಗಳೂ ಚೆನ್ನಾಗಿಯೇ ಇರುತ್ತವೆ. ಮಧ್ಯಾಹ್ನ ಎರಡಕ್ಕೆ ಒಮ್ಮೆ, ಸಂಜೆ ಏಳಕ್ಕೆ ಒಮ್ಮೆ ಹೋಗಿ. ಮಧ್ಯಾಹ್ನ ಮಕ್ಕಳು ಮಲಗಿರುತ್ತಾರೆ, ಸ್ಟಾಫ್ ಊಟಕ್ಕೆ ಹೋಗಿರುತ್ತಾರೆ. ಮಲಗಿದ ಕೋಣೆಯಲ್ಲಿ ಎಚ್ಚರ ಇರುವವರು ಒಬ್ಬರಾದರೂ ಇದ್ದಾರಾ ನೋಡಿ. ಒಂದು ವರ್ಷದೊಳಗಿನ ಕೂಸನ್ನು ಅಂಗಾತ ಮಲಗಿಸಿದ್ದಾರಾ, ಮುಖದ ಹತ್ತಿರ ದಿಂಬು, ದಪ್ಪ ರಜಾಯಿ ಇದೆಯಾ ನೋಡಿ. ಬೋರಲು ಮಲಗಿಸಿ ಬೆನ್ನು ತಟ್ಟಿ ನಿದ್ದೆ ಮಾಡಿಸುವ ಅಭ್ಯಾಸ ನಮ್ಮಲ್ಲಿ ಜಾಸ್ತಿ. ಅಷ್ಟು ಚಿಕ್ಕ ಕೂಸಿಗೆ ಅದು ಅಪಾಯ.

ಯಾರಾದರೂ ಒಬ್ಬ ಮೌಶಿಯನ್ನು ಮಾತಿಗೆ ಎಳೆಯಿರಿ. "ಆ ಮೂಲೆಯ ಪುಟ್ಟಿ ಹೆಸರೇನು? ಅವಳಿಗೆ ಏನಿಷ್ಟ?" ಹೆಸರು, ಹಟ, ಯಾವ ಹಾಡಿಗೆ ಸುಮ್ಮನಾಗುತ್ತಾಳೆ ಎಲ್ಲ ಪಟಪಟ ಹೇಳಿದರೆ ಆಕೆಗೆ ಮಕ್ಕಳನ್ನು ನೋಡಲು ಪುರುಸೊತ್ತು ಸಿಗುತ್ತಿದೆ ಅಂತ ಅರ್ಥ. "ಎಲ್ಲ ಒಳ್ಳೆ ಮಕ್ಕಳೇ" ಅಂತ ಮಾತು ಮುಗಿಸಿದರೆ ಆಕೆ ಹೊಸಬಳು, ಇಲ್ಲವೇ ಕೈತುಂಬ ಕೆಲಸ.

ಇನ್ನೊಂದು ಪ್ರಶ್ನೆ: "ಮಗುವಿನ ಗಂಟಲಲ್ಲಿ ಶೇಂಗಾ ಸಿಕ್ಕಿಕೊಂಡರೆ ಏನು ಮಾಡ್ತೀರಿ?" ಒಂದು ವರ್ಷದೊಳಗಿನ ಕೂಸಾದರೆ, ಮುಂಗೈ ಮೇಲೆ ಬೋರಲು ಮಲಗಿಸಿ, ತಲೆ ಕೆಳಗೆ ಬರುವಂತೆ ಹಿಡಿದು, ಎರಡು ಭುಜದ ನಡುವೆ ಅಂಗೈಯಿಂದ ಐದು ಸಲ ಬಲವಾಗಿ ತಟ್ಟಬೇಕು. ಬರಲಿಲ್ಲ ಅಂದರೆ ಅಂಗಾತ ತಿರುಗಿಸಿ ಎದೆಯ ನಡುವೆ ಐದು ಸಲ ಒತ್ತಬೇಕು. ಕಾಣದ ವಸ್ತುವಿಗಾಗಿ ಬಾಯಲ್ಲಿ ಬೆರಳು ಹಾಕಿ ತಡಕಾಡಬಾರದು, ಅದು ಇನ್ನೂ ಒಳಗೆ ಹೋಗುತ್ತದೆ. ಇದನ್ನು ಕೈಯಲ್ಲಿ ಮಾಡಿ ತೋರಿಸುವವರು ಪ್ರತಿ ಪಾಳಿಯಲ್ಲಿ ಒಬ್ಬರಾದರೂ ಬೇಕು. ಸರ್ಟಿಫಿಕೇಟ್ ಗೋಡೆ ಮೇಲಿದ್ದು, ಅದನ್ನು ಪಡೆದವರು ಕೆಲಸ ಬಿಟ್ಟು ಹೋಗಿದ್ದರೆ ಏನು ಪ್ರಯೋಜನ?

4. ಮೌಶಿಯರನ್ನು ಯಾರು ನೋಡಿಕೊಳ್ಳುತ್ತಾರೆ?

ಸ್ಕಾಟ್ಲೆಂಡಿನಲ್ಲಿ 2019ರಲ್ಲಿ ಒಂದು ಕಾನೂನು ಮಾಡಿದರು, ಜಾರಿಗೆ ಬಂದದ್ದು 2024ರ ಏಪ್ರಿಲ್‌ನಲ್ಲಿ. ಆಸ್ಪತ್ರೆ, ವೃದ್ಧರ ಮನೆ, ಮಕ್ಕಳ ಡೇ ಕೇರ್ ಎಲ್ಲಕ್ಕೂ ಅನ್ವಯ. ಇಷ್ಟು ಜನಕ್ಕೆ ಇಷ್ಟು ಸ್ಟಾಫ್ ಅಂತ ಒಂದೇ ಅಂಕಿ ಅದರಲ್ಲಿಲ್ಲ. ಎಲ್ಲ ಹೊತ್ತಿನಲ್ಲೂ ಕೆಲಸ ಬಲ್ಲವರು, ಸಾಕಾಗುವಷ್ಟು ಜನ ಇರಬೇಕು ಅನ್ನುತ್ತದೆ. ಕೆಲಸದವರು ಸೋತು ಸುಣ್ಣವಾಗಿ ಅದರಿಂದ ಆರೈಕೆ ಕೆಡುವುದಾದರೆ ಅವರ ಕ್ಷೇಮವನ್ನೂ ನೋಡಬೇಕು ಅನ್ನುತ್ತದೆ. ನಮ್ಮಲ್ಲಿ ಇದನ್ನು ಕೇಳುವವರೇ ಇಲ್ಲ. ನಾವೇ ಕೇಳೋಣ.

ಇಲ್ಲಿ ಎಷ್ಟು ವರ್ಷದಿಂದ ಇದ್ದೀರಿ? ವಾರಕ್ಕೆ ಒಂದು ಸುಟ್ಟಿ (ರಜೆ) ಇದೆಯಾ? ಹುಷಾರಿಲ್ಲದ ದಿನ ಸಂಬಳ ಕತ್ತರಿಸುತ್ತಾರಾ? ಕತ್ತರಿಸಿದರೆ ಜ್ವರ ಇದ್ದರೂ ಬರುತ್ತಾರೆ, ನಾಲ್ಕು ದಿನಕ್ಕೆ ಎಲ್ಲ ಮಕ್ಕಳಿಗೂ ಜ್ವರ. ಪ್ರತಿ ಮೂರು ತಿಂಗಳಿಗೆ ಹೊಸ ಮುಖ ಕಂಡರೆ ಅಲ್ಲಿ ಸಂಬಳದಲ್ಲೋ ಮಾಲಕರ ನಡತೆಯಲ್ಲೋ ಏನೋ ಇದೆ. ಫೀಸು ತೀರಾ ಕಡಿಮೆ ಇದ್ದರೂ ಅನುಮಾನ ಪಡಿ. ಬಾಡಿಗೆ, ಕರೆಂಟು ಬಿಲ್ಲು ಯಾರಿಗೂ ಕಡಿಮೆ ಆಗುವುದಿಲ್ಲ. ಕಡಿಮೆ ಮಾಡಲು ಉಳಿದಿರುವುದು ಮೌಶಿಯ ಸಂಬಳ ಒಂದೇ.

ಮುಂಬೈಗೇ ಸೇರಿದ ಪ್ರಶ್ನೆ ಒಂದಿದೆ: ಗಣಪತಿಗೆ ಯಾರಿರುತ್ತಾರೆ? ಕೊಂಕಣದ ಕಡೆಯ ಹೆಂಗಸರು ಗಣಪತಿಗೆ ಊರಿಗೆ ಹೋಗಿಯೇ ಹೋಗುತ್ತಾರೆ, ಮೇ ತಿಂಗಳಲ್ಲೂ ಹೋಗುತ್ತಾರೆ. ಹೋಗಬೇಕಾದ್ದೇ, ನಾವೂ ಊರಿಗೆ ಮತ್ಸ್ಯಗಂಧಾ ರೈಲು ಹತ್ತುವವರೇ ಅಲ್ವಾ? ಆ ಹತ್ತು ದಿನದ ಬದ್ಲಿ ಯಾರು, ಅವರನ್ನು ಮಕ್ಕಳು ಮೊದಲೇ ನೋಡಿದ್ದಾರಾ, ಅವರ ಪೊಲೀಸ್ ವೆರಿಫಿಕೇಶನ್ ಆಗಿದೆಯಾ ಅಂತ ಕೇಳಿ. ಖಾಯಂ ಜನರದ್ದು ಆಗಿರುತ್ತದೆ. ಬದ್ಲಿಯವರದ್ದು ಆಗಿರುವುದಿಲ್ಲ.

ಮಾಲಕಿ ನಮ್ಮ ಕಡೆಯವರು, ಉಡುಪಿಯವರು, ಸಂಘದಲ್ಲಿ ನೋಡಿದವರು ಅಂತ ಕಣ್ಣು ಮುಚ್ಚಿ ಒಪ್ಪಿಸುವವರು ನಮ್ಮಲ್ಲಿ ಬಹಳ. ಸಂಘದ ಅರಿಶಿನ ಕುಂಕುಮದಲ್ಲಿ ನಾಲ್ಕು ಜನರನ್ನು ವಿಚಾರಿಸುವುದು ಒಳ್ಳೆಯದೇ, ನನಗೆ ಈಗಿನ ಪಾಳಣಾಘರ್ ಸಿಕ್ಕಿದ್ದೂ ಹಾಗೆಯೇ. ಆದರೆ ಊರಿನವರಾದರೂ ಕೈ ಎಣಿಸಿಯೇ ಎಣಿಸಿ. ನಾನು ಮೊದಲು ಹೇಳಿದ ಜಾಗದ ಮಾಲಕಿಯೂ ಕನ್ನಡದವರೇ.

5. ಮಳೆಯ ದಿನ

2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಬಿತ್ತು. ಆ ರಾತ್ರಿ ಮನೆ ಮುಟ್ಟಲಾಗದೆ ಆಫೀಸು, ಸ್ಟೇಷನ್ನು, ನಿಂತ ಬಸ್ಸಿನಲ್ಲಿ ಕಳೆದವರು ಲೆಕ್ಕವಿಲ್ಲ. ಅಷ್ಟು ಬೇಡ, ಈಗಲೂ ಪ್ರತಿ ಮಳೆಗಾಲದಲ್ಲಿ ಟ್ರೈನು ನಿಲ್ಲುವ ದಿನ ಒಂದೆರಡಾದರೂ ಇರುತ್ತದೆ. ನಿಮಗೆ ಬರಲಾಗದ ದಿನ ಮೌಶಿಗೂ ಮನೆಗೆ ಹೋಗಲಾಗುವುದಿಲ್ಲ, ಅಥವಾ ಬೆಳಿಗ್ಗೆ ಬರಲಾಗುವುದೇ ಇಲ್ಲ. ನಡೆದು ಬರುವಷ್ಟು ಹತ್ತಿರ ಇರುವವರು ಸ್ಟಾಫ್‌ನಲ್ಲಿ ಎಷ್ಟು ಜನ ಅಂತ ಕೇಳಿ. ರಾತ್ರಿ ಉಳಿಯಬೇಕಾದರೆ ಹಾಲು, ಅಕ್ಕಿ, ಟಾರ್ಚ್, ಡೈಪರ್ ಇದೆಯಾ? ಕೂಸನ್ನು ಕರೆದೊಯ್ಯಲು ಅನುಮತಿ ಇರುವ ಎರಡು ಹೆಸರು, ಫೋಟೋ ಸಮೇತ, ಮೊದಲೇ ಕೊಟ್ಟಿರಿ. ಅದರಲ್ಲಿ ಒಬ್ಬರು ನಿಮ್ಮ ಬಿಲ್ಡಿಂಗಿನವರೇ ಆಗಿರಲಿ.

6. ಕಾಗದ, ಕ್ಯಾಮೆರಾ

ಇದು ಬೇಗ ಮುಗಿಯುತ್ತದೆ. ಮಹಾರಾಷ್ಟ್ರದ 2006ರ ಅಗ್ನಿ ಸುರಕ್ಷತಾ ಕಾಯ್ದೆಯಡಿ ಬರುವ ಕಟ್ಟಡಕ್ಕೆ ವರ್ಷಕ್ಕೆ ಎರಡು ಸಲ, ಜನವರಿ ಮತ್ತು ಜುಲೈಯಲ್ಲಿ, ಬೆಂಕಿ ಆರಿಸುವ ವ್ಯವಸ್ಥೆ ಸರಿಯಿದೆ ಅನ್ನುವ ಫಾರ್ಮ್ ಬಿ ಕೊಡಬೇಕು. ಸೊಸೈಟಿ ಸೆಕ್ರೆಟರಿಯ ಹತ್ತಿರ ಇರುತ್ತದೆ, ಕೇಳಿ ನೋಡಿ. ಕಿಟಕಿಗೆ ಗ್ರಿಲ್ ಇದ್ದರೆ ಸಾಲದು, ಅದರಲ್ಲಿ ತೆರೆಯುವ ಬಾಗಿಲು ಇರಬೇಕು, ಬೀಗದ ಕೈ ಎಲ್ಲಿದೆ ಅಂತ ಮೌಶಿಗೆ ಗೊತ್ತಿರಬೇಕು. ಔಷಧಿಗೆ ಒಂದು ವಹಿ ಇರಲಿ, ನೀವು ಬರೆದುಕೊಟ್ಟದ್ದನ್ನು ಬಿಟ್ಟು ಬೇರೆ ಒಂದು ಹನಿಯೂ ಕುಡಿಸಬಾರದು. ಸುಮ್ನೆ ಮಲಗಲಿ ಅಂತ ನೆಗಡಿಯ ಸಿರಪ್ ಕುಡಿಸುವವರಿದ್ದಾರೆ. ಕೈ ಕಡಿಮೆ ಇದ್ದಲ್ಲಿ ಆ ಆಸೆ ಜಾಸ್ತಿ. ಮನೆಗೆ ಬಂದ ಮೇಲೂ ಕೂಸು ಮಂಪರಿನಲ್ಲೇ ಇದ್ದರೆ ಅವತ್ತೇ ಡಾಕ್ಟರಿಗೆ ತೋರಿಸಿ.

ಸಿಸಿಟಿವಿ ಬಗ್ಗೆ ಒಂದು ಮಾತು. 2016ರಲ್ಲಿ ಖಾರ್ಘರ್‌ನ ಒಂದು ಡೇ ಕೇರ್‌ನಲ್ಲಿ ಹತ್ತು ತಿಂಗಳ ಕೂಸನ್ನು ಆಯಾ ಹೊಡೆದದ್ದು ಪೂರ್ತಿ ಕ್ಯಾಮೆರಾದಲ್ಲಿ ದಾಖಲಾಗಿತ್ತು. ಅದನ್ನು ನೋಡಿದ್ದು ಕೂಸಿಗೆ ಪೆಟ್ಟಾದ ಮೇಲೆ. ಕ್ಯಾಮೆರಾ ಸಾಕ್ಷಿ ಹೇಳುತ್ತದೆ, ಕೈ ಹಿಡಿದು ತಡೆಯುವುದಿಲ್ಲ. ಅದೇ ಕೋಣೆಯಲ್ಲಿ ಇನ್ನೊಬ್ಬ ಮೌಶಿ ಇದ್ದರೆ ತಡೆಯಬಹುದು. ಅದಕ್ಕೇ ಒಬ್ಬರೇ ಇರುವ ಹೊತ್ತು ದಿನದಲ್ಲಿ ಎಷ್ಟಿದೆ ಅಂತ ನಾನು ಇಷ್ಟು ಕೊರೆಯುತ್ತಿರುವುದು.

7. ಹಿರಿಯರಿಗಾದರೆ

ಬ್ಯೂರೋಗೆ ಫೋನ್ ಮಾಡಿದರೆ "ಸಿಸ್ಟರ್ ಕಳಿಸ್ತೇವೆ" ಅನ್ನುತ್ತಾರೆ. ಬರುವವರೆಲ್ಲ ನರ್ಸ್ ಅಲ್ಲ. ಎಎನ್‌ಎಂ, ಜಿಎನ್‌ಎಂ ಅನ್ನುವ ನರ್ಸಿಂಗ್ ಕೋರ್ಸ್ ಓದಿದವರಿಗೆ ಮಹಾರಾಷ್ಟ್ರ ನರ್ಸಿಂಗ್ ಕೌನ್ಸಿಲ್‌ನ ನೋಂದಣಿ ಇರುತ್ತದೆ, ತೋರಿಸಿ ಅಂದರೆ ತೋರಿಸಬೇಕು. ಉಳಿದವರು ಆರೈಕೆ ಮಾಡುವ ಆಯಾಗಳು. ಸ್ನಾನ, ಊಟ, ಡೈಪರ್, ನಡೆಸುವುದು ಅವರ ಕೆಲಸ. ಇಂಜೆಕ್ಷನ್ ಅವರಿಂದ ಕೊಡಿಸಬೇಡಿ. ಮೂಗಿನ ನಳಿಕೆಯಿಂದ ಊಟ ಕೊಡುವುದಿದ್ದರೆ ಆಸ್ಪತ್ರೆಯಲ್ಲೇ ನರ್ಸ್ ಮುಂದೆ ಕಲಿಸಿ. ತಲೆ ಕಡೆ 30ರಿಂದ 45 ಡಿಗ್ರಿ ಎತ್ತರ ಇರಬೇಕು, ಊಟ ಆದ ಮೇಲೂ ಅರ್ಧ ಗಂಟೆಯಾದರೂ ಹಾಗೆಯೇ ಇರಬೇಕು.

"24 ಗಂಟೆ ಡ್ಯೂಟಿ" ಅಂದರೆ ಒಬ್ಬ ಮನುಷ್ಯಳು 24 ಗಂಟೆ ಎಚ್ಚರ ಇರುತ್ತಾಳೆ ಅಂತಲ್ಲ. ಹಿರಿಯರು ರಾತ್ರಿ ನಾಲ್ಕು ಸಲ ಏಳುವವರಾದರೆ 12 ಗಂಟೆಯ ಇಬ್ಬರು ಬೇಕು, ಇಲ್ಲವೇ ರಾತ್ರಿಯ ಪಾಳಿ ಮನೆಯವರದ್ದು. ನಾವು ದುಡ್ಡು ಉಳಿಸಲು ಮೊದಲ ತಿಂಗಳು ಒಬ್ಬರನ್ನೇ ಇಟ್ಟೆವು. ಎಂಟನೇ ದಿನ ಆಕೆ ಗ್ಲಾಸು ಹಿಡಿದುಕೊಂಡೇ ಗೋಡೆಗೊರಗಿ ನಿದ್ದೆ ಹೋಗಿದ್ದಳು. ಬೈಯಲು ನನಗೆ ಬಾಯಿ ಬರಲಿಲ್ಲ.

ಇನ್ನು ಭಾಷೆ. ಮಾವನವರು ನಲವತ್ತು ವರ್ಷ ಮುಂಬೈಯಲ್ಲಿ ಮರಾಠಿ, ಹಿಂದಿ ಮಾತಾಡಿದವರು. ಕಾಯಿಲೆ ಆದ ಮೇಲೆ ಕನ್ನಡ ಒಂದೇ ಉಳಿಯಿತು. ಆಯಾ ಜಳಗಾವ್ ಕಡೆಯವಳು. ಊಟ ಮಾಡಿಸುವಾಗ ಇವರು "ಬೇಡ, ಬೇಡ" ಅಂದರೆ ಆಕೆಗೆ "ಬೆಡ್, ಬೆಡ್" ಅಂತ ಕೇಳುತ್ತಿತ್ತು. ಪಾಪ, ಮಲಗಬೇಕಂತೆ ಅಂದುಕೊಂಡು ಬಾಯಲ್ಲಿ ಗಂಜಿ ಇರುವಾಗಲೇ ಮಲಗಿಸಿಬಿಡುತ್ತಿದ್ದಳು. ಮೂರು ದಿನ ಕೆಮ್ಮು ಯಾಕೆ ಬರುತ್ತಿದೆ ಅಂತ ನಮಗೆ ಗೊತ್ತಾಗಲಿಲ್ಲ. ಅನ್ನ ಶ್ವಾಸನಾಳಕ್ಕೆ ಹೋದರೆ ನ್ಯುಮೋನಿಯಾ ಆಗಬಹುದಿತ್ತು. ಆಮೇಲೆ ಬೇಡ, ಸಾಕು, ನೀರು, ನೋವು, ಉಚ್ಚೆ, ಸೆಕೆ, ಎತ್ತು ಅಂತ ಏಳು ಪದ ದೇವನಾಗರಿಯಲ್ಲಿ ಬರೆದು, ಪಕ್ಕದಲ್ಲಿ ಮರಾಠಿ ಅರ್ಥ ಹಾಕಿ ಗೋಡೆಗೆ ಅಂಟಿಸಿದೆ. ಮೊದಲ ದಿನವೇ ಮಾಡಬೇಕಾದ ಕೆಲಸ ಇದು.

ಪಾಳಿ ಬದಲಾಗುವಾಗ ಒಂದು ವಹಿ ಕೈ ಬದಲಾಗಲಿ. ಏನು ತಿಂದರು, ಎಷ್ಟು ಹೊತ್ತಿಗೆ ಮೂತ್ರ, ಯಾವ ಮಾತ್ರೆ ಕೊಟ್ಟಿದೆ, ಯಾವ ಮಗ್ಗುಲು ಮಲಗಿಸಿದೆ. ಬಾಯಿಮಾತಲ್ಲಿ ಹೇಳಿದರೆ ಬಿಪಿ ಮಾತ್ರೆ ಎರಡು ಸಲ ಹೋಗುತ್ತದೆ.

ವೃದ್ಧಾಶ್ರಮ ನೋಡಲು ಹೋದರೆ ತೋಟ, ದೇವರ ಕೋಣೆ, ಭಜನೆ ತೋರಿಸುತ್ತಾರೆ. ನೀವು ಎರಡೇ ಅಂಕಿ ಕೇಳಿ. ಹಾಸಿಗೆ ಹಿಡಿದವರು ಎಷ್ಟು? ರಾತ್ರಿ ಸ್ಟಾಫ್ ಎಷ್ಟು? ಹಾಸಿಗೆ ಹುಣ್ಣು ಆಗದಿರಲು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು ಅನ್ನುವುದು ಸಾಮಾನ್ಯ ರೂಢಿ. ಎತ್ತಿ ತಿರುಗಿಸಲು ಇಬ್ಬರು ಬೇಕು, ಡೈಪರ್ ನೋಡಿ, ಬಟ್ಟೆ ಸರಿ ಮಾಡುವಾಗ ಹತ್ತು ನಿಮಿಷ. ಹನ್ನೆರಡು ಜನ ಇದ್ದರೆ ನೂರಿಪ್ಪತ್ತು ನಿಮಿಷ, ಅಂದರೆ ಎರಡು ಗಂಟೆ. ಕೊನೆಯವರನ್ನು ತಿರುಗಿಸುವಷ್ಟರಲ್ಲಿ ಮೊದಲನೆಯವರ ಸರದಿ ಮತ್ತೆ ಬಂತು. ರಾತ್ರಿ ಇಬ್ಬರೇ ಇರುವ ಕಡೆ ನೀರು ಕೊಡಲು, ಟಾಯ್ಲೆಟ್ಟಿಗೆ ಕರೆದೊಯ್ಯಲು ಒಂದು ನಿಮಿಷ ಉಳಿಯುವುದಿಲ್ಲ. ನಾವು ನೋಡಿದ ಒಂದು ಕಡೆ ಹದಿನಾಲ್ಕು ಜನ ಹಾಸಿಗೆಯಲ್ಲಿದ್ದರು, ರಾತ್ರಿ ಒಬ್ಬನೇ ಹುಡುಗ. ಈ ಲೆಕ್ಕ ಹೇಳಿದಾಗ ಮ್ಯಾನೇಜರ್ "ಮೇಡಂ, ರಾತ್ರಿ ಎಲ್ಲರೂ ಮಲಗ್ತಾರೆ" ಅಂದರು. ನಾವು ಮಾವನವರನ್ನು ಮನೆಯಲ್ಲೇ ಇಟ್ಟುಕೊಂಡೆವು.

8. ಸೇರಿಸಿದ ಮೇಲೆ

ಮೊದಲ ಹದಿನೈದು ದಿನ ಬೇರೆ ಬೇರೆ ಹೊತ್ತಿಗೆ, ಹೇಳದೆ ಹೋಗಿ. ಒಳಗೆ ಬಿಡಲು ಸಬೂಬು ಹೇಳಿದರೆ ಅದೇ ಉತ್ತರ. ಮೈ ಮೇಲೆ ಗುರುತು ಕಂಡರೆ ತಾರೀಖು ಕಾಣುವ ಹಾಗೆ ಫೋಟೋ ತೆಗೆದಿಡಿ, ವಹಿಯಲ್ಲಿ ಏನು ಬರೆದಿದ್ದಾರೆ ನೋಡಿ. ಮಗು ಬಿದ್ದದ್ದನ್ನು ಅವತ್ತೇ ತಾವಾಗಿ ಹೇಳುವ ಜಾಗ ಒಳ್ಳೆಯದು. ಬೀಳದ ಮಕ್ಕಳೇ ಇಲ್ಲ, ನಮ್ಮಲ್ಲಿ ಏನೂ ಆಗೋದೇ ಇಲ್ಲ ಅನ್ನುವವರನ್ನು ನಾನು ನಂಬುವುದಿಲ್ಲ.

ಮಕ್ಕಳ ವಿಷಯಕ್ಕೆ 1098, ಹಿರಿಯರಿಗೆ 14567, ತುರ್ತಿಗೆ 112. ಇವನ್ನು ಫ್ರಿಜ್ ಮೇಲೆ ಬರೆದಿಡಿ. ಲೈಂಗಿಕ ದೌರ್ಜನ್ಯದ ಅನುಮಾನ ಇದ್ದರೆ ಮಾಲಕರ ಜೊತೆ ಪಂಚಾಯಿತಿಗೆ ಕೂರಬೇಡಿ. 2012ರ ಪೋಕ್ಸೋ ಕಾಯ್ದೆ ಪ್ರಕಾರ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು. ಸಂಸ್ಥೆಯ ಹೆಸರು ಕೆಡುತ್ತದೆ ಅಂತ ಮುಚ್ಚಿಡುವುದೇ ಅಪರಾಧ.

ಕೊನೆಗೆ ನಮ್ಮ ಕಡೆಯ ಕೆಲಸವೂ ಇದೆ. ಈಗಿನ ಪಾಳಣಾಘರ್‌ನಲ್ಲಿ ತಡವಾದರೆ ಅರ್ಧ ಗಂಟೆಗೆ ನೂರು ರೂಪಾಯಿ. ಆ ನೂರು ಯಾರಿಗೆ ಹೋಗುತ್ತದೆ ಅಂತ ಸೇರಿಸುವ ದಿನವೇ ಕೇಳಿದ್ದೆ. ಮಾಲಕಿ ಸ್ವಲ್ಪ ತಡೆದು, "ಉಳಿದ ಮೌಶಿಗೇ ಕೊಡ್ತೇವೆ" ಅಂದರು. ಹೋದ ವಾರ ಮತ್ತೆ ಟ್ರೈನು ಕೈಕೊಟ್ಟಿತು. ಠಾಣೆಯಿಂದಲೇ ಫೋನ್ ಮಾಡಿದೆ. ಎಂಟು ಗಂಟೆಗೆ ಮುಟ್ಟುವಾಗ ಇಬ್ಬರು ಮೌಶಿಯರಿದ್ದರು, ಮೂರು ಮಕ್ಕಳು. ಚೀಲ ತೆಗೆದುಕೊಳ್ಳುವಾಗ ಮೆಲ್ಲಗೆ ಕೇಳಿದೆ, "ಆ ದುಡ್ಡು ಬರ್ತದಾ ಮೌಶಿ?"

"ಬರ್ತದೆ" ಅಂದರು, ಚಪ್ಪಲಿ ಹಾಕಿಕೊಳ್ಳುತ್ತಾ. "ಇವತ್ತು ಶೇರ್ ರಿಕ್ಷಾ ಬೇಡ. ಸ್ಪೆಷಲ್ ರಿಕ್ಷಾದಲ್ಲೇ ಹೋಗ್ತೀನಿ."